ಕಂಪ್ಯೂಟರಿನ ನಾಡಿಯೂ ರೋಜುಕಿರ್ದಿಯೂ

ಕಂಪ್ಯೂಟರು ನಿಧಾನವಾಗಿದೆ ಎಂಬ ದೂರು ಇಂದಿನ ಕಚೇರಿಗಳಲ್ಲಿ ದಿನನಿತ್ಯದ ಮಾತು. ದೂರು ಬಂದೊಡನೆ ಸಾಮಾನ್ಯವಾಗಿ ಎರಡರಲ್ಲೊಂದು ತೀರ್ಪು ಹೊರಡುತ್ತದೆ. ಯಂತ್ರ ಹಳೆಯದಾಯಿತು, ಹೊಸದು ತರಿಸಬೇಕು ಎಂಬುದು ಒಂದು. ಯಂತ್ರದ ಮುಂದೆ ಕುಳಿತವನಿಗೆ ಕೆಲಸ ಬಾರದು ಎಂಬುದು ಇನ್ನೊಂದು. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ಗುಮಾಸ್ತನ ಮಾನ ಹೋಗುತ್ತದೆ. ಇವುಗಳಲ್ಲಿ ಯಾವ ತೀರ್ಪನ್ನೇ ಆಗಲಿ ಕೊಡುವ ಮುನ್ನ ಯಂತ್ರವನ್ನೇ ಒಂದು ಮಾತು ಕೇಳುವುದು ನ್ಯಾಯ. ಕೇಳತಕ್ಕ ರೀತಿಯಲ್ಲಿ ಕೇಳಿದರೆ ಅದು ಉತ್ತರ ಹೇಳುತ್ತದೆ. ಲಿನಕ್ಸು ಎಂಬ ವ್ಯವಸ್ಥೆಯಿಂದ ನಡೆಯುವ ಕಂಪ್ಯೂಟರುಗಳಲ್ಲಂತೂ ಕೇಳುವ ಸಾಧನಗಳು ಕಾಸು ಖರ್ಚಿಲ್ಲದೆ ದೊರೆಯುತ್ತವೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಈ ಪಾಠದಲ್ಲಿ ವಾಚಕರಿಗೆ ಪರಿಚಯ ಮಾಡಿಕೊಡುತ್ತೇವೆ. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಜಮಾಖರ್ಚು ಬರೆದು ತಾಳೆ ನೋಡಬಲ್ಲವರಿಗೆ ಇದು ಸಾಧ್ಯವಾದ ವಿದ್ಯೆ.

ಲಿನಕ್ಸು ನಮ್ಮ ಹತ್ತಿರಕ್ಕೆ ಬಂದ ಬಗೆ

ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ತರುಣರು ೧೯೯೧ರಲ್ಲಿ ಈ ವ್ಯವಸ್ಥೆಯ ತಿರುಳನ್ನು ಬರೆದು ಎಲ್ಲರ ಮುಂದಿಟ್ಟರು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಸಾರಿದ ಗ್ನು ಯೋಜನೆಯ ಸಲಕರಣೆಗಳು ಅದರೊಡನೆ ಕೂಡಿಕೊಂಡವು. ಹೀಗೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಪೂರ್ಣ ವ್ಯವಸ್ಥೆಯೊಂದು ಸಿದ್ಧವಾಯಿತು. ಇಂದು ನಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲಿನಲ್ಲಿರುವುದೂ ಅದೇ ತಿರುಳು.

ಈ ಊರಿಗೂ ಇದಕ್ಕೂ ನಂಟು ಹಳೆಯದು. ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ೨೦೦೧ರ ಜುಲೈ ತಿಂಗಳಿನಲ್ಲಿ ಉದ್ಘಾಟನೆಯಾದುದು ತಿರುವನಂತಪುರದಲ್ಲಿಯೇ. ಕೇರಳದ ಶಾಲೆಗಳಿಗೆ ಕಂಪ್ಯೂಟರು ಶಿಕ್ಷಣ ತರಲು ಐಟಿ ಅಟ್ ಸ್ಕೂಲ್ ಯೋಜನೆ ಹೊರಟುದೂ ಅದೇ ವರ್ಷ. ಆ ಯೋಜನೆ ೨೦೧೭ರಲ್ಲಿ ಕೈಟ್ ಎಂಬ ಸರಕಾರಿ ಕಂಪನಿಯಾಯಿತು. ಉಬುಂಟು ಎಂಬ ಲಿನಕ್ಸಿನ ಬಗೆಯನ್ನು ಆಧಾರವಾಗಿಟ್ಟುಕೊಂಡು ಕೈಟ್ ಸಿದ್ಧಪಡಿಸಿದ ವ್ಯವಸ್ಥೆಯಲ್ಲಿ ಈ ರಾಜ್ಯದ ಶಾಲಾಮಕ್ಕಳು ಪಾಠ ಕಲಿಯುತ್ತಿದ್ದಾರೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ತಂಪಾನೂರಿನಲ್ಲಿ ರೈಲಿನಿಂದಲೋ ಬಸ್ಸಿನಿಂದಲೋ ಇಳಿದು ಈ ಊರಿನಲ್ಲಿ ಅನ್ನ ಕಂಡುಕೊಂಡ ನಾವು ನಮ್ಮ ಮಕ್ಕಳ ಯಂತ್ರದ ಮುಂದೆ ಅಪರಿಚಿತರಂತೆ ನಿಲ್ಲಬೇಕಾಗಿಲ್ಲ.

ಕಚೇರಿಯ ಹೋಲಿಕೆ

ಕಂಪ್ಯೂಟರಿನ ಒಳಗನ್ನು ತಿಳಿಯಲು ಒಂದು ಗಿರಣಿಯ ಕಚೇರಿಯನ್ನು ಮನಸ್ಸಿಗೆ ತಂದುಕೊಂಡರೆ ಸಾಕು. ಕೆಲಸ ಮಾಡುವ ಗುಮಾಸ್ತರೇ ಪ್ರೊಸೆಸರು; ನಾಲ್ಕು ಕೋರು ಇದೆಯೆಂದರೆ ನಾಲ್ವರು ಗುಮಾಸ್ತರಿದ್ದಾರೆಂದು ಅರ್ಥ. ಅವರ ಮುಂದಿನ ಮೇಜು ಎಂದರೆ ಮೆಮೊರಿ. ಈಗ ಬೇಕಾದ ಕಡತಗಳು ಅದರ ಮೇಲೆ ಹರಡಿರುತ್ತವೆ. ಹಿಂದಿನ ಕೋಣೆಯ ಬೀರುಗಳು ಎಂದರೆ ಡಿಸ್ಕು. ಅಲ್ಲಿ ಜಾಗ ಹೆಚ್ಚು, ಆದರೆ ಎದ್ದು ಹೋಗಿ ತರಲು ಹೊತ್ತು ಹಿಡಿಯುತ್ತದೆ. ಬಾಗಿಲ ಬಳಿ ಒಂದು ರೋಜುಕಿರ್ದಿ ಇದೆ. ಯಾರು ಬಂದರು, ಏನು ನಡೆಯಿತು, ಎಲ್ಲಿ ತಪ್ಪಿತು ಎಂಬುದನ್ನೆಲ್ಲ ಗಂಟೆ ನಿಮಿಷ ಸಮೇತ ಬರೆದಿಡುವುದು ಅದರ ಕೆಲಸ. ಕಂಪ್ಯೂಟರಿನ ಭಾಷೆಯಲ್ಲಿ ಇದಕ್ಕೆ ಲಾಗು ಎಂದು ಹೆಸರು.

ಕಚೇರಿಯ ಕೆಲಸ ಏಕೆ ನಿಂತಿತೆಂದು ನೋಡಬೇಕಾದರೆ ಕೇಳತಕ್ಕ ಪ್ರಶ್ನೆಗಳು ನಾಲ್ಕು. ಗುಮಾಸ್ತರ ಮುಂದೆ ಸಾಲು ಬೆಳೆದಿದೆಯೇ? ಮೇಜಿನ ಮೇಲೆ ಜಾಗವಿದೆಯೇ? ಬೀರು ತುಂಬಿದೆಯೇ? ರೋಜುಕಿರ್ದಿ ಏನು ಹೇಳುತ್ತದೆ? ಇದೇ ಕ್ರಮದಲ್ಲಿ ಮುಂದುವರಿಯೋಣ.

ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟರ್ಮಿನಲ್ ಎಂಬ ಕಿಟಕಿ ತೆರೆಯುತ್ತದೆ. ಕೆಳಗೆ ಹೇಳುವ ಆಜ್ಞೆಗಳನ್ನು ಅದರಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಿಂದ ಬರೆದು ಎಂಟರ್ ಒತ್ತಬೇಕು. ಇವು ಓದುವ ಆಜ್ಞೆಗಳು. ನೋಡಿದ ಮಾತ್ರಕ್ಕೆ ಯಂತ್ರಕ್ಕೆ ಯಾವ ಹಾನಿಯೂ ಆಗುವುದಿಲ್ಲ. ಆದರೆ ಯಂತ್ರ ಕಚೇರಿಯದಾದರೆ ಮೇಲಿನವರ ಅನುಮತಿ ಪಡೆದೇ ನೋಡುವುದು ಮರ್ಯಾದೆ.

ಒಂದನೆಯ ಪ್ರಶ್ನೆ: ಸಾಲು ಎಷ್ಟು ಉದ್ದ?

ಅಪ್‌ಟೈಮ್ ಎಂದು ಬರೆದರೆ ಯಂತ್ರ ಎಷ್ಟು ಹೊತ್ತಿನಿಂದ ಎಚ್ಚರವಾಗಿದೆ ಎಂಬುದೂ ಕೊನೆಯಲ್ಲಿ ಲೋಡ್ ಆವರೇಜ್ ಎಂಬ ಮೂರು ಅಂಕಿಗಳೂ ಬರುತ್ತವೆ. ಇವು ಕ್ರಮವಾಗಿ ಕಳೆದ ೧, ೫ ಮತ್ತು ೧೫ ನಿಮಿಷಗಳ ಸರಾಸರಿ ಹೊರೆ. ತಂಪಾನೂರು ನಿಲ್ದಾಣದ ಟಿಕೆಟ್ ಕಿಂಡಿಗಳನ್ನು ನೆನೆಯಿರಿ. ನಾಲ್ಕು ಕಿಂಡಿಗಳಿದ್ದು ನಾಲ್ವರೇ ನಿಂತಿದ್ದರೆ ಎಲ್ಲ ಕಿಂಡಿಗೂ ಕೆಲಸವುಂಟು, ಯಾರೂ ಕಾಯುತ್ತಿಲ್ಲ. ಎಂಟು ಮಂದಿ ಇದ್ದರೆ ನಾಲ್ವರು ಕಾಯುತ್ತಿದ್ದಾರೆ. ಆದುದರಿಂದ ಲೋಡು ೪ ಎಂಬುದು ನಾಲ್ಕು ಕೋರಿನ ಯಂತ್ರಕ್ಕೆ ತುಂಬು ಕೆಲಸ. ಒಂದೇ ಕೋರಿನ ಯಂತ್ರಕ್ಕೆ ಮಿತಿಮೀರಿದ ಭಾರ. ಕೋರುಗಳೆಷ್ಟು ಎಂಬುದನ್ನು ಎನ್‌ಪ್ರಾಕ್ ಎಂಬ ಆಜ್ಞೆ ಹೇಳುತ್ತದೆ.

ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು. ೪.೦೦, ೨.೧೦, ೦.೯೦ ಎಂದು ಬಂದರೆ ಸಾಲು ಈಗ ತಾನೇ ಬೆಳೆಯುತ್ತಿದೆ. ೦.೯೦, ೨.೧೦, ೪.೦೦ ಎಂದು ಬಂದರೆ ನೂಕುನುಗ್ಗಲು ಕರಗುತ್ತಿದೆ. ಸ್ವಲ್ಪ ತಾಳಿದರೆ ಸಾಕು. ಇನ್ನೊಂದು ವಿಷಯವನ್ನು ಮರೆಯಬಾರದು. ಲಿನಕ್ಸು ಈ ಎಣಿಕೆಯಲ್ಲಿ ಪ್ರೊಸೆಸರಿಗಾಗಿ ಕಾದವರನ್ನಷ್ಟೇ ಅಲ್ಲ, ಡಿಸ್ಕಿನಿಂದ ಬರಬೇಕಾದುದಕ್ಕೆ ಕಾದು ನಿಂತವರನ್ನೂ ಸೇರಿಸುತ್ತದೆ. ಲೋಡು ಹೆಚ್ಚಿದ್ದರೂ ಗುಮಾಸ್ತರು ಕೈಕಟ್ಟಿ ಕುಳಿತಿರುವುದುಂಟು.

ಅದನ್ನು ಬಿಡಿಸಿ ನೋಡಲು ಟಾಪ್ ಎಂಬ ಆಜ್ಞೆ ಇದೆ. ಯಾವ ಕೆಲಸ ಎಷ್ಟು ಪಾಲು ತಿನ್ನುತ್ತಿದೆ ಎಂಬ ಪಟ್ಟಿ ಕೆಲವು ಸೆಕೆಂಡುಗಳಿಗೊಮ್ಮೆ ಹೊಸದಾಗುತ್ತ ಕಾಣುತ್ತದೆ. ದೊಡ್ಡ ಪಿ ಅಕ್ಷರ ಒತ್ತಿದರೆ ಪ್ರೊಸೆಸರು ಬಳಕೆಯ ಕ್ರಮ, ದೊಡ್ಡ ಎಂ ಒತ್ತಿದರೆ ಮೆಮೊರಿಯ ಕ್ರಮ, ಸಣ್ಣ ಕ್ಯು ಒತ್ತಿದರೆ ಹೊರಗೆ. ಮೇಲಿನ ಸಾಲುಗಳಲ್ಲಿ ಐಡಿ ಎಂದಿರುವುದು ಬಿಡುವಿನ ಪಾಲು. ಡಬ್ಲ್ಯುಎ ಎಂದಿರುವುದು ಡಿಸ್ಕಿಗಾಗಿ ಕಾದ ಪಾಲು. ಡಬ್ಲ್ಯುಎ ದೊಡ್ಡದಾಗಿದ್ದರೆ ವೇಗದ ಹೊಸ ಪ್ರೊಸೆಸರು ತಂದಿಟ್ಟೂ ಪ್ರಯೋಜನ ಕಡಿಮೆ. ಬೀರಿನ ಬಾಗಿಲು ಸಿಕ್ಕಿಕೊಂಡಿರುವಾಗ ಇನ್ನಿಬ್ಬರು ಗುಮಾಸ್ತರನ್ನು ನೇಮಿಸಿದಂತೆ ಅದು.

ಎರಡನೆಯ ಪ್ರಶ್ನೆ: ಮೇಜಿನ ಮೇಲೆ ಜಾಗವಿದೆಯೇ?

ಫ್ರೀ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆಯೊಡನೆ ಎಚ್ ಸೇರಿಸಿ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಫ್ರೀ ಎಂಬ ಕಲಮಿನ ಅಂಕಿ ಬಹಳ ಚಿಕ್ಕದಾಗಿರುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಅದಕ್ಕೆ ಕಾರಣವಿಲ್ಲ. ಖಾಲಿ ಬಿದ್ದ ಮೇಜಿನಿಂದ ಯಾರಿಗೂ ಉಪಯೋಗವಿಲ್ಲವೆಂದು ಲಿನಕ್ಸು ಇತ್ತೀಚೆಗೆ ಓದಿದ ಕಡತಗಳನ್ನು ಅಲ್ಲಿಯೇ ಇಟ್ಟುಕೊಂಡಿರುತ್ತದೆ. ಬೇಕೆಂದಾಗ ತೆಗೆದು ಜಾಗ ಮಾಡಿಕೊಡುತ್ತದೆ. ನೋಡತಕ್ಕದ್ದು ಅವೈಲಬಲ್ ಎಂಬ ಕಲಮು. ನಿಜವಾಗಿ ದೊರೆಯಬಹುದಾದ ಜಾಗದ ಅಂದಾಜು ಅದು.

ಅದರ ಕೆಳಗೆ ಸ್ವಾಪ್ ಎಂಬ ಸಾಲು ಇರುತ್ತದೆ. ಮೇಜು ಸಾಲದೆ ಹೋದಾಗ ಕೆಲವು ಕಡತಗಳನ್ನು ಬೀರಿಗೆ ಸಾಗಿಸಿ, ಬೇಕಾದಾಗ ಮರಳಿ ತರುವ ಏರ್ಪಾಡು ಇದು. ಸ್ವಾಪಿನಲ್ಲಿ ಸ್ವಲ್ಪ ಇದ್ದರೆ ದೋಷವಲ್ಲ. ಸಾಗಿಸುವುದೂ ತರುವುದೂ ನಿಲ್ಲದೆ ನಡೆಯುತ್ತಿದ್ದರೆ ಮಾತ್ರ ಯಂತ್ರ ತೆವಳುತ್ತದೆ. ವಿಎಂಸ್ಟ್ಯಾಟ್ ೫ ಎಂದು ಬರೆದರೆ ಐದು ಸೆಕೆಂಡಿಗೊಂದು ಸಾಲು ಬರುತ್ತದೆ; ಅದರ ಎಸ್‌ಐ, ಎಸ್‌ಒ ಎಂಬ ಕಲಮುಗಳು ಸೊನ್ನೆಯಾಗಿದ್ದರೆ ಚಿಂತೆಯಿಲ್ಲ. ಮೊದಲನೆಯ ಸಾಲು ಯಂತ್ರ ಎದ್ದಂದಿನಿಂದ ಆದ ಸರಾಸರಿಯಾದುದರಿಂದ ಅದನ್ನು ಬಿಟ್ಟು ಎರಡನೆಯದರಿಂದ ಓದಬೇಕು. ಕಂಟ್ರೋಲ್ ಸಿ ಒತ್ತಿದರೆ ನಿಲ್ಲುತ್ತದೆ. ಈ ಕಲಮುಗಳು ಸದಾ ತುಂಬಿಯೇ ಇದ್ದರೆ ಇಡೀ ಯಂತ್ರ ಬದಲಾಯಿಸುವುದು ಬೇಡ. ಮೆಮೊರಿಯ ಒಂದು ಪಟ್ಟಿ ಹೆಚ್ಚಿಸಲು ಆಗುವುದೇ ಎಂದು ಮೊದಲು ವಿಚಾರಿಸಬೇಕು.

ಮೂರನೆಯ ಪ್ರಶ್ನೆ: ಬೀರು ತುಂಬಿದೆಯೇ?

ಡಿಎಫ್ ಎಂದು ಬರೆದು ಅಡ್ಡಗೆರೆಯೊಡನೆ ಎಚ್ ಸೇರಿಸಿದರೆ ಡಿಸ್ಕಿನ ಭಾಗಗಳು ನೂರಕ್ಕೆ ಎಷ್ಟು ತುಂಬಿವೆ ಎಂದು ತಿಳಿಯುತ್ತದೆ. ನೂರಕ್ಕೆ ನೂರಾದರೆ ಬರೆದ ಪತ್ರ ಉಳಿಯದು, ಮುದ್ರಣ ಆಗದು, ಕೆಲವು ವೇಳೆ ಯಂತ್ರದೊಳಕ್ಕೆ ಪ್ರವೇಶವೂ ಸಿಕ್ಕದು. ನೋಡುವವನಿಗೆ ಎಲ್ಲವೂ ಒಟ್ಟಿಗೆ ಕೆಟ್ಟಂತೆ ತೋರುತ್ತದೆ. ಕಾರಣ ಮಾತ್ರ ಒಂದೇ. ಇನ್ನೂ ಒಂದು ವಿಚಿತ್ರವುಂಟು. ಜಾಗ ಮಿಕ್ಕಿದ್ದರೂ ಲೆಕ್ಕವಿಲ್ಲದಷ್ಟು ಚಿಕ್ಕ ಫೈಲುಗಳು ಸೇರಿ, ಫೈಲುಗಳ ನೋಂದಣಿ ಪುಸ್ತಕವೇ ತುಂಬಿಹೋಗಬಹುದು. ಅದನ್ನು ಡಿಎಫ್ ಅಡ್ಡಗೆರೆ ಐ ತೋರಿಸುತ್ತದೆ. ಯಾವ ಕಪಾಟು ಹೆಚ್ಚು ಜಾಗ ತಿಂದಿದೆ ಎಂಬುದಕ್ಕೆ ಡಿಯು ಅಡ್ಡಗೆರೆ ಎಸ್‌ಎಚ್ ಎಂದು ಬರೆದು ಕಪಾಟಿನ ಹೆಸರು ಸೇರಿಸಬೇಕು.

ನಾಲ್ಕನೆಯ ಪ್ರಶ್ನೆ: ರೋಜುಕಿರ್ದಿ ಏನು ಹೇಳುತ್ತದೆ?

ಮೇಲಿನ ಮೂರೂ ಈಗಿನ ನಾಡಿಯನ್ನು ಹೇಳುತ್ತವೆ. ನಿನ್ನೆ ರಾತ್ರಿ ಏನಾಯಿತೆಂಬುದಕ್ಕೆ ಲಾಗೇ ಸಾಕ್ಷಿ. ಲಾಗು ಬರೆಯುವ ಒಂದು ಸಾಮಾನ್ಯ ಪದ್ಧತಿಯನ್ನು ೧೯೮೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಆಲ್ಮನ್ ಅವರು ತಮ್ಮ ಅಂಚೆ ರವಾನಿಸುವ ಸೆಂಡ್‌ಮೇಲ್ ಕಾರ್ಯಕ್ರಮಕ್ಕಾಗಿ ಮಾಡಿದರು. ಸಿಸ್‌ಲಾಗ್ ಎಂಬ ಆ ಪದ್ಧತಿ ಲೋಕವೆಲ್ಲ ಹರಡಿತು. ಬಂದ ಸುದ್ದಿಯನ್ನು ಅದು ೦ ಯಿಂದ ೭ರ ವರೆಗೆ ಎಂಟು ದರ್ಜೆಗಳಾಗಿ ವಿಂಗಡಿಸುತ್ತದೆ. ೦ ಎಂದರೆ ಯಂತ್ರವೇ ಬಳಕೆಗೆ ಬಾರದ ಸ್ಥಿತಿ. ೩ ಎಂದರೆ ದೋಷ. ೪ ಎಂದರೆ ಎಚ್ಚರಿಕೆ. ೬ ಎಂದರೆ ಬರಿಯ ಮಾಹಿತಿ. ಅಂಕಿ ಚಿಕ್ಕದಾದಷ್ಟೂ ಸುದ್ದಿ ಗಂಭೀರ.

ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ಈ ಪುಸ್ತಕಗಳು ವಾರ್ ಎಂಬ ಕಪಾಟಿನೊಳಗಿನ ಲಾಗ್ ಎಂಬ ಖಾನೆಯಲ್ಲಿರುತ್ತವೆ. ಈಗಿನ ಬಹುತೇಕ ಲಿನಕ್ಸುಗಳಲ್ಲಿ ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯಿಂದ ಓದಬಹುದು. ಅದರ ಮುಂದೆ ಅಡ್ಡಗೆರೆ ಪಿ ಎಂದೂ ಇಆರ್‌ಆರ್ ಎಂದೂ ಸೇರಿಸಿದರೆ ದೋಷದ ದರ್ಜೆಯವೂ ಅದಕ್ಕಿಂತ ಗಂಭೀರವಾದವೂ ಮಾತ್ರ ಬರುತ್ತವೆ. ಅಡ್ಡಗೆರೆ ಬಿ ಸೇರಿಸಿದರೆ ಈ ಸಲ ಯಂತ್ರ ಎದ್ದಂದಿನಿಂದ ನಡೆದುದು. ಅಡ್ಡಗೆರೆ ಎಫ್ ಸೇರಿಸಿದರೆ ಬರೆದಂತೆಲ್ಲ ಕಣ್ಣೆದುರು ಕಾಣುತ್ತದೆ. ಎಲ್ಲವನ್ನೂ ಓದಲು ಕೆಲವು ಕಡೆ ಮೇಲಧಿಕಾರದ ಗುಪ್ತಪದ ಬೇಕಾಗುತ್ತದೆ.

ಒಂದು ಸಾಲನ್ನು ಓದುವ ಬಗೆ ನೋಡೋಣ. “ಜೂನ್ ೧೨, ೧೦:೪೨:೦೭, ಆಫೀಸ್, ಕರ್ನೆಲ್: ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರಾಸೆಸ್ ೨೩೧೫” ಎಂದು ಇದೆಯೆಂದಿಟ್ಟುಕೊಳ್ಳಿ. ಮೊದಲು ದಿನ ಮತ್ತು ಹೊತ್ತು, ಅನಂತರ ಯಂತ್ರದ ಹೆಸರು, ಆಮೇಲೆ ಬರೆದವರು ಯಾರೆಂಬುದು, ಕೊನೆಗೆ ಸಂಗತಿ. ಮೇಜಿನ ಮೇಲೆ ಎಳ್ಳಷ್ಟೂ ಜಾಗ ಉಳಿಯದೆ ಹೋದುದರಿಂದ ತಿರುಳೇ ಒಂದು ಕೆಲಸವನ್ನು ಆರಿಸಿ ನಿಲ್ಲಿಸಿತು ಎಂದು ಇದರ ಅರ್ಥ. ಆ ಕೆಲಸ ಒಬ್ಬ ಗುಮಾಸ್ತನು ಬೆರಳಚ್ಚು ಮಾಡುತ್ತಿದ್ದ ಲೆಕ್ಕದ ಹಾಳೆಯಾಗಿದ್ದರೆ, ಅದು ಮಾಯವಾದುದಕ್ಕೆ ಕಾರಣ ಅವನ ಕೈಯಲ್ಲ, ಮೆಮೊರಿಯ ಕೊರತೆ ಎಂಬುದಕ್ಕೆ ಈ ಸಾಲೇ ಸಾಕ್ಷಿ. ಹಾಗೆಯೇ ಐ ಒ ಎರರ್ ಎಂಬ ಮಾತು ಡಿಸ್ಕಿನ ಹೆಸರಿನೊಡನೆ ಮತ್ತೆ ಮತ್ತೆ ಬಂದರೆ ಡಿಸ್ಕು ಸಾಯುತ್ತಿದೆಯೆಂದು ಸಂಶಯಪಡಬೇಕು. ಆಗ ಪರೀಕ್ಷೆಗೆ ತೊಡಗದೆ ಮೊದಲು ಕಡತಗಳ ನಕಲು ತೆಗೆದಿಡತಕ್ಕದ್ದು.

ಲಾಗು ಎಂದೆಂದಿಗೂ ಉಳಿಯುವುದಿಲ್ಲ ಎಂಬುದೂ ನೆನಪಿರಲಿ. ಪುಸ್ತಕ ಬೆಳೆದು ಬೀರನ್ನೇ ತುಂಬಬಾರದೆಂದು ಲಾಗ್‌ರೊಟೇಟ್ ಎಂಬ ಏರ್ಪಾಡು ಹಳೆಯವನ್ನು ಅದುಮಿ ಇಟ್ಟು, ಗೊತ್ತಾದ ಅವಧಿ ಮುಗಿದ ಮೇಲೆ ಅಳಿಸಿಬಿಡುತ್ತದೆ. ವಿವಾದವೇನಾದರೂ ಎದ್ದರೆ ತಡಮಾಡದೆ ಆ ಭಾಗದ ನಕಲು ಕೇಳಬೇಕು. ತಿಂಗಳುಗಳು ಕಳೆದ ಮೇಲೆ ಸಾಕ್ಷಿಯೇ ಇಲ್ಲದೆ ಹೋಗಬಹುದು.

ಸಾಕ್ಷಿಯನ್ನು ತಪ್ಪಾಗಿ ಓದಬಾರದು

ಇಲ್ಲಿ ಗುಮಾಸ್ತರಾದವರು ವಿಶೇಷವಾಗಿ ತಿಳಿದಿರಬೇಕಾದ ಮೂರು ಸಂಗತಿಗಳುಂಟು.

ಮೊದಲನೆಯದು, ಗಡಿಯಾರ. ದೂರದ ಸರ್ವರುಗಳಲ್ಲಿ ಅನೇಕವು ನಮ್ಮ ವೇಳೆಯನ್ನು ಇಟ್ಟುಕೊಳ್ಳದೆ ಯುಟಿಸಿ ಎಂಬ ಲೋಕಸಾಮಾನ್ಯ ವೇಳೆಯನ್ನು ಇಟ್ಟುಕೊಂಡಿರುತ್ತವೆ. ಅದು ನಮ್ಮ ವೇಳೆಗಿಂತ ೫ ಗಂಟೆ ೩೦ ನಿಮಿಷ ಹಿಂದೆ. ಲಾಗಿನಲ್ಲಿ ೦೩:೫೦ ಎಂದಿರುವುದನ್ನು ಕಂಡು, ನಡುರಾತ್ರಿ ಕಳೆದ ಮೇಲೆ ಖಾತೆ ತೆರೆದವನು ಕಳ್ಳನೇ ಸರಿ ಎಂದು ಯಾರಾದರೂ ಹೇಳಬಹುದು. ಯುಟಿಸಿಯಾಗಿದ್ದರೆ ಅದು ಬೆಳಿಗ್ಗೆ ೯:೨೦. ಗುಮಾಸ್ತನು ಹಾಜರಿ ಹಾಕಿ ಕೆಲಸಕ್ಕೆ ಕುಳಿತ ಹೊತ್ತು. ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆ ಯಂತ್ರವು ಯಾವ ವೇಳೆಯನ್ನು ಅನುಸರಿಸುತ್ತಿದೆ ಎಂದು ತಿಳಿಸುತ್ತದೆ. ಇದನ್ನು ನೋಡದೆ ಯಾರ ಮೇಲೆಯೂ ಆರೋಪ ಹೊರಿಸಬಾರದು.

ಎರಡನೆಯದು, ಪ್ರಯತ್ನಕ್ಕೂ ಪ್ರವೇಶಕ್ಕೂ ಇರುವ ಅಂತರ. ಇಂಟರ್ನೆಟ್ಟಿಗೆ ತೆರೆದಿರುವ ಯಂತ್ರದ ಪ್ರವೇಶದ ಲಾಗಿನಲ್ಲಿ ಫೇಲ್ಡ್ ಪಾಸ್‌ವರ್ಡ್ ಎಂಬ ಸಾಲುಗಳು ರಾಶಿರಾಶಿಯಾಗಿ ಕಾಣುವುದುಂಟು. ಅವು ಬಾಗಿಲು ತಟ್ಟಿ ಹೋದವರ ಗುರುತು. ಆಕ್ಸೆಪ್ಟೆಡ್ ಎಂದಿರುವುದೇ ಒಳಗೆ ಬಂದವರ ಗುರುತು. ಹುಡುಕತಕ್ಕದ್ದು ಎರಡನೆಯದನ್ನು.

ಮೂರನೆಯದು, ಹೆಸರು. ಲಾಗು ಬರೆದಿಡುವುದು ಖಾತೆಯ ಹೆಸರನ್ನು. ಕೀಲಿಮಣೆಯ ಮೇಲಿದ್ದ ಕೈ ಯಾರದೆಂದು ಅದಕ್ಕೆ ಗೊತ್ತಿಲ್ಲ. ನಾಲ್ವರು ಸೇರಿ ಒಂದೇ ಗುಪ್ತಪದ ಬಳಸುವ ಕಡೆ ಲಾಗು ಯಾರನ್ನೂ ಹಿಡಿಯಲಾರದು, ಯಾರನ್ನೂ ಬಿಡಿಸಲೂ ಆರದು. ನಮ್ಮ ಗುಪ್ತಪದವನ್ನು ನಮ್ಮಲ್ಲಿಯೇ ಇಟ್ಟುಕೊಳ್ಳುವುದು ಸಹೋದ್ಯೋಗಿಯ ಮೇಲಿನ ಅಪನಂಬಿಕೆಯಲ್ಲ. ಅವನಿಗೂ ನಮಗೂ ಅದು ರಕ್ಷಣೆ.

ಒಳ್ಳೆಯ ದಿನದ ಅಂಕಿ

ಇಷ್ಟೆಲ್ಲ ಆಜ್ಞೆ ಕಲಿತರೂ ಒಂದು ಅಭ್ಯಾಸವಿಲ್ಲದಿದ್ದರೆ ಫಲ ಅರ್ಧವೇ. ಜ್ವರ ಬಂದ ದಿನ ಮೈ ಬಿಸಿ ಎಷ್ಟೆಂದು ನೋಡಿದರೆ ಅರ್ಥವಾಗುವುದು, ಆರೋಗ್ಯದಲ್ಲಿ ಅದು ಎಷ್ಟಿರಬೇಕೆಂದು ತಿಳಿದಿರುವುದರಿಂದ. ಯಂತ್ರದ ವಿಷಯವೂ ಹಾಗೆಯೇ. ಲೋಡು ೩ ಎಂಬುದು ಒಂದು ಕಚೇರಿಯ ಯಂತ್ರಕ್ಕೆ ನಿತ್ಯದ ನಡೆ, ಇನ್ನೊಂದಕ್ಕೆ ಅಪಾಯದ ಸೂಚನೆ. ಯಾವುದು ಯಾವುದೆಂದು ಯಾವ ಪುಸ್ತಕವೂ ಹೇಳಲಾರದು. ಒಳ್ಳೆಯ ದಿನದ ಅಂಕಿಯನ್ನು ಬರೆದಿಟ್ಟವನೇ ಹೇಳಬಲ್ಲ.

ಇದರ ಬೆಲೆ ಎಷ್ಟೆಂಬುದಕ್ಕೆ ೨೦೨೪ರ ಮಾರ್ಚಿಯಲ್ಲಿ ನಡೆದ ಒಂದು ಸಂಗತಿ ಸಾಕು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಬೇರೊಂದು ಕೆಲಸಕ್ಕಾಗಿ ತಮ್ಮ ಲಿನಕ್ಸು ಯಂತ್ರದ ವೇಗವನ್ನು ಅಳೆಯುತ್ತಿದ್ದರು. ದೂರದಿಂದ ಯಂತ್ರದೊಳಕ್ಕೆ ಬರುವ ಎಸ್‌ಎಸ್‌ಎಚ್ ಎಂಬ ಬಾಗಿಲು ಹಿಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗಿ ತೆರೆಯುತ್ತಿದೆ, ಪ್ರೊಸೆಸರನ್ನೂ ಅತಿಯಾಗಿ ತಿನ್ನುತ್ತಿದೆ ಎಂಬುದು ಅವರ ಕಣ್ಣಿಗೆ ಬಿತ್ತು. ಅರ್ಧ ಸೆಕೆಂಡು ತಾನೇ ಎಂದು ಬಿಡದೆ ಬೆನ್ನು ಹತ್ತಿದರು. ಫೈಲುಗಳನ್ನು ಅದುಮುವ ಎಕ್ಸ್‌ಝಡ್ ಎಂಬ ಸಲಕರಣೆಯ ೫.೬.೦ ಮತ್ತು ೫.೬.೧ ಎಂಬ ಆವೃತ್ತಿಗಳೊಳಗೆ ಯಾರೋ ಕಳ್ಳಬಾಗಿಲನ್ನು ಅಡಗಿಸಿಟ್ಟಿದ್ದರು ಎಂಬುದು ಹೊರಬಿತ್ತು. ಮಾರ್ಚಿ ೨೯ರಂದು ಅವರು ಅದನ್ನು ಲೋಕಕ್ಕೆ ತಿಳಿಸಿದರು. ಅಷ್ಟರಲ್ಲಿ ಅದು ಹೆಚ್ಚಾಗಿ ಪರೀಕ್ಷೆಗೆಂದು ಬಿಟ್ಟಿದ್ದ ಲಿನಕ್ಸುಗಳಿಗೆ ಮಾತ್ರ ಬಂದಿತ್ತಾದುದರಿಂದ ದೊಡ್ಡ ಅನಾಹುತ ತಪ್ಪಿತು. ಮಾಮೂಲಿನ ವೇಗ ಎಷ್ಟೆಂದು ತಿಳಿದಿದ್ದವರಿಗೆ ಮಾತ್ರ ಆ ಅರ್ಧ ಸೆಕೆಂಡು ಕಾಣುತ್ತಿತ್ತು.

ಅಂಕಿಗಳನ್ನು ತಾನಾಗಿಯೇ ಬರೆದಿಡುವ ಸಿಸ್‌ಸ್ಟ್ಯಾಟ್ ಎಂಬ ಸಲಕರಣೆಯೂ ಇದೆ. ಅದನ್ನು ಹಾಕಿ ಚಾಲೂ ಮಾಡಿದರೆ ಸಾಮಾನ್ಯವಾಗಿ ೧೦ ನಿಮಿಷಕ್ಕೊಮ್ಮೆ ದಾಖಲಿಸುತ್ತದೆ. ಎಸ್‌ಎಆರ್ ಎಂಬ ಆಜ್ಞೆಯಿಂದ ಹಿಂದಿನ ದಿನದ ಲೆಕ್ಕವನ್ನೂ ನೋಡಬಹುದು. ಆದರೂ ಕಲಿಯುವವರು ಮೊದಲು ಕೈಯಿಂದ ಬರೆಯುವುದೇ ಲೇಸು.

ಅಭ್ಯಾಸ

ನಲವತ್ತು ಪುಟದ ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ದಿನ, ಹೊತ್ತು, ಲೋಡಿನ ಮೂರು ಅಂಕಿ, ಅವೈಲಬಲ್ ಮೆಮೊರಿ, ಡಿಸ್ಕು ತುಂಬಿದ ಪಾಲು, ದೋಷದ ದರ್ಜೆಯ ಸಾಲುಗಳೆಷ್ಟು ಎಂದು ಆರು ಕಲಮು ಎಳೆಯಿರಿ. ಏಳು ದಿನ, ದಿನಕ್ಕೆ ಎರಡು ಸಲ, ಒಂದೇ ಗೊತ್ತಾದ ಹೊತ್ತಿನಲ್ಲಿ ಬರೆಯಿರಿ. ವಾರ ಕಳೆಯುವಷ್ಟರಲ್ಲಿ ಯಂತ್ರದ ಸ್ವಭಾವ ನಿಮಗೆ ಪರಿಚಯವಾಗಿರುತ್ತದೆ.

ಮುಂದೆ ದೂರು ಹೇಳಬೇಕಾದ ದಿನ ಬಂದಾಗ “ಕಂಪ್ಯೂಟರು ಕೆಟ್ಟಿದೆ” ಎಂದು ಬರೆಯಬೇಡಿ. “ಇಂದು ೧೧:೧೦ಕ್ಕೆ ಲೋಡು ೯, ಕೋರು ೪, ಮಾಮೂಲಿನಲ್ಲಿ ೧ಕ್ಕಿಂತ ಕಡಿಮೆ. ಮೆಮೊರಿಗೆ ಕೊರತೆಯಿಲ್ಲ. ಡಿಸ್ಕಿಗಾಗಿ ಕಾದ ಪಾಲು ಹೆಚ್ಚು. ಲಾಗಿನಲ್ಲಿ ೧೦:೫೫ರಿಂದ ಐ ಒ ಎರರ್ ಇದೆ. ಕಡತಗಳ ನಕಲಿಗೆ ಏರ್ಪಾಡಾಗಬೇಕು” ಎಂದು ಬರೆಯಿರಿ. ಆರು ಸಾಲಿಗಿಂತ ಹೆಚ್ಚಿಲ್ಲದ ಈ ಪತ್ರವನ್ನು ಯಾವ ಮೇಲಧಿಕಾರಿಯೂ ಸುಲಭವಾಗಿ ಬದಿಗೆ ಸರಿಸಲಾರರು. ಬರೆದವನಿಗೆ ಕೆಲಸ ಬಾರದೆಂದು ಹೇಳುವುದಂತೂ ಆಗದ ಮಾತು.